ಪಿಕಪ್ ವಾಹನವನ್ನು ಎತ್ತರಿಸುವ ಬಗೆ

ಎತ್ತಿನ ಗಾಡಿಯಲ್ಲಿ ಕುಳಿತವರ ಅನುಭವವೂ ಜಟಕಾ ಗಾಡಿಯಲ್ಲಿ ಕುಳಿತವರ ಅನುಭವವೂ ಒಂದೇ ತೆರನಾದುದಲ್ಲ. ಹಳೆಯ ಎತ್ತಿನ ಗಾಡಿಯಲ್ಲಿ ಅಚ್ಚಿನ ಮೇಲೆ ಮರದ ಚೌಕಟ್ಟು ನೇರವಾಗಿ ಕುಳಿತಿರುತ್ತದೆ. ಗಾಲಿ ಒಂದು ಕಲ್ಲನ್ನು ಹತ್ತಿದರೆ ಗಾಡಿಯೂ ಅದರೊಳಗಿನವರೂ ಆ ಕಲ್ಲನ್ನು ಹತ್ತಿ ಇಳಿಯಲೇಬೇಕು. ಜಟಕಾ ಗಾಡಿಯಲ್ಲಾದರೋ ಅಚ್ಚಿಗೂ ಮೇಲಿನ ಪೆಟ್ಟಿಗೆಗೂ ನಡುವೆ ಬಿಲ್ಲಿನಂತೆ ಬಾಗಿದ ಉಕ್ಕಿನ ಪಟ್ಟಿಗಳಿರುತ್ತವೆ. ಗಾಲಿ ಏರಿದಾಗ ಪಟ್ಟಿಗಳು ಬಾಗಿ, ಏಟಿನ ಬಹುಭಾಗವನ್ನು ತಾವೇ ನುಂಗಿಕೊಳ್ಳುತ್ತವೆ. ಮೋಟಾರು ವಾಹನದ ಸಸ್ಪೆನ್ಷನ್ ವ್ಯವಸ್ಥೆಯ ಮೂಲತತ್ತ್ವವೂ ಇದೇ ಆಗಿದೆ.

ಹಿಂಭಾಗದಲ್ಲಿ ತೆರೆದ ತೊಟ್ಟಿಯುಳ್ಳ ಪಿಕಪ್ ಎಂಬ ವಾಹನವು ಅಮೆರಿಕದ ರೈತರ ಮತ್ತು ಕಸಬುದಾರರ ಬದುಕಿನಲ್ಲಿ ಬೆರೆತುಹೋದ ವಸ್ತು. ಫೋರ್ಡ್ ಕಂಪನಿಯು ತನ್ನ ಪ್ರಸಿದ್ಧ ಮಾಡೆಲ್ ಟಿ ಕಾರಿಗೆ ಕಾರ್ಖಾನೆಯಲ್ಲಿಯೇ ತೊಟ್ಟಿಯನ್ನು ಜೋಡಿಸಿ 1925ರಲ್ಲಿ ಮಾರಾಟಕ್ಕಿಟ್ಟಿತು. ಅಂದಿನಿಂದ ಈಚೆಗೆ ಈ ವಾಹನವು ಹೊಲ, ಕಾಡು, ಮರುಭೂಮಿಗಳ ದಾರಿಯಲ್ಲೆಲ್ಲ ಸಂಚರಿಸುತ್ತ ಬಂದಿದೆ. ಅಂಥ ದಾರಿಯಲ್ಲಿ ಹೋಗುವವರಿಗೆ ವಾಹನದ ಹೊಟ್ಟೆ ಬಂಡೆಗೆ ತಗಲಬಾರದೆಂಬ ಆಸೆ ಸಹಜವಾದುದು. ಆದುದರಿಂದ ವಾಹನವನ್ನು 2 ಅಂಗುಲ, 4 ಅಂಗುಲ, 6 ಅಂಗುಲ ಎತ್ತರಿಸುವ ಭಾಗಗಳ ಕಟ್ಟುಗಳು ಅಲ್ಲಿನ ಅಂಗಡಿಗಳಲ್ಲಿ ಹೇರಳವಾಗಿ ದೊರೆಯುತ್ತವೆ. ಕೊಳ್ಳುವವನ ಕಣ್ಣಿಗೆ ಮೊದಲು ಬೀಳುವುದು ಆ ಒಂದು ಅಂಕಿಯೇ. ಎತ್ತರ ಹೆಚ್ಚಿದಷ್ಟೂ ವಾಹನ ಮೇಲಾಯಿತೆಂದು ಅವನು ಭಾವಿಸುತ್ತಾನೆ.

ಆದರೆ ಎತ್ತರವು ಕಟ್ಟಿನಲ್ಲಿ ಸುತ್ತಿ ಕೊಡುವ ವಸ್ತುವಲ್ಲ. ವಾಹನದ ಒಂದು ಅಳತೆಯನ್ನು ಬದಲಿಸಿದರೆ ಅದಕ್ಕೆ ಹೊಂದಿಕೊಂಡಿರುವ ಹತ್ತಾರು ಕೋನಗಳೂ ಉದ್ದಗಳೂ ಬಲಗಳೂ ಜೊತೆಯಲ್ಲಿಯೇ ಬದಲಾಗುತ್ತವೆ. ಅವುಗಳಲ್ಲಿ ಒಂದನ್ನು ಅಲಕ್ಷಿಸಿದರೂ ತೆರಬೇಕಾದ ಬೆಲೆ ಪ್ರಾಣದ ಬೆಲೆಯಾಗಬಹುದು. ಆದುದರಿಂದ ಈ ಭಾಗಗಳನ್ನು ಆರಿಸುವಾಗ ಮೊದಲು ಹೊರೆಯನ್ನೂ, ಬಳಿಕ ಚಲನೆಯ ಮಿತಿಯನ್ನೂ, ಕಟ್ಟಕಡೆಗೆ ಎತ್ತರವನ್ನೂ ನೋಡತಕ್ಕದ್ದು. ಈ ಕ್ರಮ ಏಕೆ ಸರಿಯೆಂಬುದನ್ನು ಪ್ರೌಢಶಾಲೆಯ ಭೌತಶಾಸ್ತ್ರದ ಸಹಾಯದಿಂದಲೇ ನಾವು ಪರಿಶೀಲಿಸೋಣ.

ಎತ್ತರವೆಂದರೆ ಯಾವ ಎತ್ತರ?

ಇಂದಿನ ಸಾಮಾನ್ಯ ಪಿಕಪ್ ವಾಹನದ ಮುಂಭಾಗದಲ್ಲಿ ಎರಡು ಗಾಲಿಗಳೂ ಸ್ವತಂತ್ರವಾಗಿ ಏರಿಳಿಯುತ್ತವೆ. ಪ್ರತಿಯೊಂದು ಗಾಲಿಯನ್ನೂ ಮೇಲೊಂದು ಕೆಳಗೊಂದು ತ್ರಿಕೋನಾಕಾರದ ತೋಳುಗಳು ಹಿಡಿದಿರುತ್ತವೆ. ನಡುವೆ ಸುರುಳಿ ಸ್ಪ್ರಿಂಗು ನಿಂತಿರುತ್ತದೆ. ಹಿಂಭಾಗದಲ್ಲಿ ಬಹುಮಟ್ಟಿಗೆ ಹಳೆಯ ಪದ್ಧತಿಯೇ ಉಳಿದುಕೊಂಡಿದೆ: ಎರಡು ಗಾಲಿಗಳನ್ನೂ ಕೂಡಿಸುವ ಒಂದು ಗಟ್ಟಿ ಅಚ್ಚು, ಅದರ ಮೇಲೆ ಪಟ್ಟಿ ಸ್ಪ್ರಿಂಗುಗಳು. ನಮ್ಮ ಲಾರಿಗಳಲ್ಲಿ ಕಾಣುವ ಕಮಾನು ಪಟ್ಟಿಗಳೂ ಇವೇ. 2004ರ ಮಾದರಿಯ ಫೋರ್ಡ್ ಎಫ್-150 ವಾಹನದಲ್ಲಿ ಈ ಎರಡು ಏರ್ಪಾಡುಗಳನ್ನೂ ಕಾಣಬಹುದು.

ಇಲ್ಲಿ ಒಂದು ಸಂಗತಿಯನ್ನು ವಾಚಕರು ಗಮನಿಸಬೇಕು. ಸಸ್ಪೆನ್ಷನ್ ಭಾಗಗಳನ್ನು ಬದಲಿಸಿದಾಗ ಮೇಲೇಳುವುದು ಸ್ಪ್ರಿಂಗಿನ ಮೇಲಿರುವ ದೇಹ ಮಾತ್ರ. ಹಿಂದಿನ ಗಟ್ಟಿ ಅಚ್ಚೂ ಅದರ ನಡುವೆ ಉಬ್ಬಿಕೊಂಡಿರುವ ಡಿಫರೆನ್ಷಿಯಲ್ ಗುಂಡೂ ಸ್ಪ್ರಿಂಗಿನ ಕೆಳಗಿವೆ. ದೇಹವನ್ನು 6 ಅಂಗುಲ ಎತ್ತಿದರೂ ಆ ಗುಂಡು ಇದ್ದಲ್ಲಿಯೇ ಇರುತ್ತದೆ! ಬಂಡೆಗೆ ಮೊದಲು ತಗಲುವುದೂ ಬಹಳ ಸಲ ಅದೇ. ಅದನ್ನು ನೆಲದಿಂದ ಮೇಲೆತ್ತುವುದಕ್ಕೆ ಇರುವ ಉಪಾಯ ದೊಡ್ಡ ಟೈರು ಒಂದೇ. ಟೈರಿನ ವ್ಯಾಸ 31 ಅಂಗುಲದಿಂದ 33 ಅಂಗುಲಕ್ಕೆ ಏರಿದರೆ ಅಚ್ಚು ಏರುವುದು ತ್ರಿಜ್ಯದ ಹೆಚ್ಚಳದಷ್ಟು, ಎಂದರೆ 1 ಅಂಗುಲ. ಹಾಗಾದರೆ ದೇಹವನ್ನು ಎತ್ತುವ ಪ್ರಯೋಜನವೇನು? ದೊಡ್ಡ ಟೈರು ಮೈಗೆ ಉಜ್ಜದಂತೆ ಜಾಗ ಮಾಡುವುದು. ಏರುದಿಣ್ಣೆಯನ್ನು ಹತ್ತುವಾಗ ಮೂತಿಯೂ, ದಿಬ್ಬವನ್ನು ದಾಟುವಾಗ ಹೊಟ್ಟೆಯೂ ನೆಲಕ್ಕೆ ತಗಲದಂತೆ ಮಾಡುವುದು. ಇಷ್ಟೇ ಅದರ ಪ್ರಯೋಜನ. ಈ ಅಗತ್ಯಕ್ಕೆ ಎಷ್ಟು ಬೇಕೋ ಅಷ್ಟನ್ನೇ ಎತ್ತುವುದು ವಿವೇಕ.

ಹೊರೆಯೇ ಮೊದಲ ಲೆಕ್ಕ

ಸ್ಪ್ರಿಂಗನ್ನು ಎಳೆದರೆ ಅಥವಾ ಒತ್ತಿದರೆ ಅದರ ಉದ್ದದಲ್ಲಾಗುವ ವ್ಯತ್ಯಾಸವು ಪ್ರಯೋಗಿಸಿದ ಬಲಕ್ಕೆ ಅನುಪಾತದಲ್ಲಿರುತ್ತದೆ. ಇದನ್ನು ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ 1678ರಲ್ಲಿ ವಿವರವಾಗಿ ಪ್ರಕಟಿಸಿದನು. ಈ ನಿಯಮವೇ ನಮ್ಮ ಲೆಕ್ಕಕ್ಕೆಲ್ಲ ಆಧಾರ.

ಒಂದು ಪಿಕಪ್ ವಾಹನ ಬರಿದಾಗಿ ನಿಂತಿರುವಾಗ ಹಿಂದಿನ ಒಂದೊಂದು ಪಟ್ಟಿ ಸ್ಪ್ರಿಂಗಿನ ಮೇಲೂ 400 ಕಿಲೋಗ್ರಾಂ ಭಾರವಿದೆಯೆಂದೂ, ಅದರಿಂದ ಸ್ಪ್ರಿಂಗು 10 ಸೆಂಟಿಮೀಟರ್ ತಗ್ಗಿದೆಯೆಂದೂ ಇಟ್ಟುಕೊಳ್ಳೋಣ. ಎಂದರೆ ಈ ಸ್ಪ್ರಿಂಗನ್ನು 1 ಸೆಂಟಿಮೀಟರ್ ತಗ್ಗಿಸಲು 40 ಕಿಲೋಗ್ರಾಂ ಭಾರ ಬೇಕು. ತೊಟ್ಟಿಯಲ್ಲಿ ಸಾಮಾನು ಹೇರಿದಾಗ ಒಂದೊಂದು ಸ್ಪ್ರಿಂಗಿಗೂ ಇನ್ನೂ 300 ಕಿಲೋಗ್ರಾಂ ಸೇರಿದರೆ ಹಿಂಭಾಗ 7.5 ಸೆಂಟಿಮೀಟರ್ ಕುಸಿಯುತ್ತದೆ. ಈಗ ಮತ್ತೊಂದು ಪಟ್ಟಿಯನ್ನು ಕೂಡಿಸಿ ಸ್ಪ್ರಿಂಗಿನ ಬಿಗಿತವನ್ನು ನೂರಕ್ಕೆ 30ರಷ್ಟು ಹೆಚ್ಚಿಸಿದೆವೆನ್ನಿ. 1 ಸೆಂಟಿಮೀಟರಿಗೆ 52 ಕಿಲೋಗ್ರಾಂ ಬೇಕಾಗುತ್ತದೆ. ಅದೇ ಸಾಮಾನಿಗೆ ಕುಸಿತ ಸುಮಾರು 5.8 ಸೆಂಟಿಮೀಟರಿಗೆ ಇಳಿಯುತ್ತದೆ.

ಇದು ಲಾಭವೇ ಸರಿ. ಆದರೆ ಈ ಲಾಭಕ್ಕೊಂದು ನಷ್ಟವೂ ಅಂಟಿಕೊಂಡಿದೆ. ಸ್ಪ್ರಿಂಗಿನ ಮೇಲಿರುವ ವಾಹನವು ಮೇಲಕ್ಕೂ ಕೆಳಕ್ಕೂ ಆಂದೋಲಿಸುತ್ತದೆಯಷ್ಟೆ. ಒಂದು ಸೆಕೆಂಡಿಗೆ ಎಷ್ಟು ಆಂದೋಲನಗಳಾಗುವುವೆಂಬುದನ್ನು ತಿಳಿಯಲು ಒಂದು ಸುಲಭ ಸೂತ್ರವಿದೆ: ನಿಂತ ವಾಹನದ ಭಾರದಿಂದ ಸ್ಪ್ರಿಂಗು ಎಷ್ಟು ಸೆಂಟಿಮೀಟರ್ ತಗ್ಗಿದೆಯೋ ಅದರ ವರ್ಗಮೂಲದಿಂದ 5ನ್ನು ಭಾಗಿಸಬೇಕು. ನಮ್ಮ ಮೊದಲಿನ ಸ್ಪ್ರಿಂಗು ಬರಿವಾಹನದಲ್ಲಿ 10 ಸೆಂಟಿಮೀಟರ್ ತಗ್ಗಿತ್ತು. ಆವೃತ್ತಿ ಸೆಕೆಂಡಿಗೆ ಸುಮಾರು 1.6. ಬಿಗಿ ಮಾಡಿದ ಸ್ಪ್ರಿಂಗು 7.7 ಸೆಂಟಿಮೀಟರ್ ಮಾತ್ರ ತಗ್ಗುತ್ತದೆ; ಆವೃತ್ತಿ 1.8ಕ್ಕೆ ಏರುತ್ತದೆ. ಹೊರೆ ತುಂಬಿದಾಗ ಮೊದಲಿನ ಸ್ಪ್ರಿಂಗಿನ ಆವೃತ್ತಿ 1.2, ಬಿಗಿಯಾದ ಸ್ಪ್ರಿಂಗಿನದು 1.36. ಸೆಕೆಂಡಿಗೆ 1ರಿಂದ 1.5ರವರೆಗಿನ ನಿಧಾನವಾದ ಏರಿಳಿತ ನಮ್ಮ ದೇಹಕ್ಕೆ ಹಿತಕರ. ಅದನ್ನು ಮೀರಿದರೆ ಪ್ರಯಾಣ ಕುಲುಕಾಟವೆನಿಸುತ್ತದೆ. ಕುಲುಕಾಟವೊಂದೇ ಅಲ್ಲ, ಅತಿ ಬಿಗಿಯಾದ ಸ್ಪ್ರಿಂಗು ಹಳ್ಳತಿಟ್ಟಿನ ದಾರಿಯಲ್ಲಿ ಗಾಲಿಯನ್ನು ನೆಲದಿಂದ ಹಾರಿಸುತ್ತದೆ. ನೆಲವನ್ನು ಬಿಟ್ಟ ಗಾಲಿಯು ವಾಹನವನ್ನು ತಿರುಗಿಸಲೂ ಆರದು, ತಡೆಯಲೂ ಆರದು.

ಆದುದರಿಂದ ಸದಾ ಹೊರೆ ಹೊರುವ ವಾಹನಕ್ಕೆ ಬಿಗಿಯಾದ ಸ್ಪ್ರಿಂಗೂ, ಬರಿದಾಗಿ ಓಡಾಡುವ ವಾಹನಕ್ಕೆ ಮೂಲದ ಬಿಗಿತದ ಸ್ಪ್ರಿಂಗೂ ತಕ್ಕುವು. ಮುಂಭಾಗದಲ್ಲಿ ಉಕ್ಕಿನ ಕಾವಲು ಪಟ್ಟಿ, ಎಳೆಯುವ ಯಂತ್ರ ಮುಂತಾದುವನ್ನು ಕಾಯಂ ಆಗಿ ಜೋಡಿಸಿದ್ದರೆ ಅವುಗಳ ತೂಕವನ್ನು ಮೊದಲು ಗುರುತು ಹಾಕಿಕೊಳ್ಳಬೇಕು. ವಾಹನವನ್ನು ತೂಕದ ಕಾಟೆಯ ಮೇಲೆ, ಮುಂದಿನ ಗಾಲಿಗಳನ್ನೂ ಹಿಂದಿನ ಗಾಲಿಗಳನ್ನೂ ಬೇರೆ ಬೇರೆಯಾಗಿ ನಿಲ್ಲಿಸಿ ತೂಗಿ ನೋಡುವುದು ಇದಕ್ಕೆ ಸರಳ ಮಾರ್ಗ. ಇನ್ನೊಂದು ಎಚ್ಚರಿಕೆ ಇಲ್ಲಿ ಅವಶ್ಯ. ಬಿಗಿಯಾದ ಸ್ಪ್ರಿಂಗನ್ನು ಹಾಕಿದ ಮಾತ್ರಕ್ಕೆ ವಾಹನದ ಹೊರೆಯ ಮಿತಿ ಹೆಚ್ಚುವುದಿಲ್ಲ. ಅಚ್ಚು, ಬೇರಿಂಗು, ಬ್ರೇಕು, ಟೈರುಗಳು ಮೊದಲಿದ್ದಂತೆಯೇ ಇರುತ್ತವೆ. ತಯಾರಕರು ಗೊತ್ತುಮಾಡಿದ ಮಿತಿಯೇ ಮಿತಿ.

ಮುಂಭಾಗದ ಸನ್ನೆ

ಮುಂದಿನ ಗಾಲಿಯ ಕೆಳತೋಳು ಒಂದು ಸನ್ನೆಯಂತೆ ಕೆಲಸ ಮಾಡುತ್ತದೆ. ಅದರ ಒಳತುದಿ ವಾಹನದ ಚೌಕಟ್ಟಿಗೆ ಕೀಲುಗೂಡಿದೆ, ಹೊರತುದಿಯಲ್ಲಿ ಗಾಲಿಯಿದೆ, ನಡುವೆ ಎಲ್ಲಿಯೋ ಸ್ಪ್ರಿಂಗು ಕುಳಿತಿದೆ. ಕೀಲಿನಿಂದ ಗಾಲಿಯ ಕಡೆಯ ತುದಿಗೆ 40 ಸೆಂಟಿಮೀಟರ್, ಸ್ಪ್ರಿಂಗಿಗೆ 24 ಸೆಂಟಿಮೀಟರ್ ಎಂದು ಭಾವಿಸೋಣ. ಅನುಪಾತ 0.6. ಸ್ಪ್ರಿಂಗಿನ ಜಾಗದಲ್ಲಿ 3 ಸೆಂಟಿಮೀಟರ್ ವ್ಯತ್ಯಾಸ ಮಾಡಿದರೆ ಗಾಲಿಯಲ್ಲಿ 5 ಸೆಂಟಿಮೀಟರ್ ವ್ಯತ್ಯಾಸವಾಗುತ್ತದೆ. ಇದನ್ನರಿಯದೆ 5 ಸೆಂಟಿಮೀಟರ್ ಎತ್ತರ ಬೇಕೆಂದು 5 ಸೆಂಟಿಮೀಟರಿನ ಬಿಲ್ಲೆಯನ್ನು ಇಟ್ಟರೆ ವಾಹನ 8 ಸೆಂಟಿಮೀಟರಿಗೂ ಮೇಲೆ ಏಳುತ್ತದೆ. ಬಲದ ಲೆಕ್ಕ ಇದಕ್ಕೆ ವಿಲೋಮವಾದುದು: ಗಾಲಿಯ ಮೇಲೆ 4,900 ನ್ಯೂಟನ್ ಭಾರವಿದ್ದರೆ ಸ್ಪ್ರಿಂಗು ಹೊರಬೇಕಾದುದು ಸುಮಾರು 8,170 ನ್ಯೂಟನ್. ಹೀಗೆ ಬಲವೂ ಚಲನೆಯೂ ಎರಡೂ ಅನುಪಾತಕ್ಕೆ ಒಳಪಡುವುದರಿಂದ, ಗಾಲಿಗೆ ತಟ್ಟುವ ಬಿಗಿತವು ಸ್ಪ್ರಿಂಗಿನ ಬಿಗಿತವನ್ನು ಆ ಅನುಪಾತದ ವರ್ಗದಿಂದ, ಎಂದರೆ 0.36ರಿಂದ, ಗುಣಿಸಿದಷ್ಟೇ ಇರುತ್ತದೆ.

ಮುಂಭಾಗವನ್ನು ಎತ್ತಲು ಮುಖ್ಯವಾಗಿ ಮೂರು ಬಗೆಗಳಿವೆ. ಮೊದಲನೆಯದು, ಸ್ಪ್ರಿಂಗಿನ ತಳದ ಆಸನವನ್ನು ಮೇಲಕ್ಕೆ ತಿರುಗಿಸಿ ಸ್ಪ್ರಿಂಗನ್ನು ಮೊದಲೇ ಒತ್ತಿಡುವುದು. ಎರಡನೆಯದು, ಸ್ಪ್ರಿಂಗೂ ಷಾಕ್ ಅಬ್ಸಾರ್ಬರೂ ಕೂಡಿದ ಇಡೀ ಜೋಡಣೆಯ ತಲೆಯ ಮೇಲೆ ಲೋಹದ ಬಿಲ್ಲೆಯೊಂದನ್ನು ಇಡುವುದು. ಮೂರನೆಯದು, ಹೆಚ್ಚು ಉದ್ದವಾದ ಹೊಸ ಜೋಡಣೆಯನ್ನೇ ತಂದು ಕೂಡಿಸುವುದು. ಹೊರಗಿನಿಂದ ನೋಡುವವರಿಗೆ ಮೂರೂ ಒಂದೇ. ಒಳಗಿನ ಕತೆಯೇ ಬೇರೆ.

ಗಾಲಿಗೆ ಒಟ್ಟು 20 ಸೆಂಟಿಮೀಟರ್ ಚಲನೆಯಿದ್ದು, ನಿಂತ ವಾಹನದಲ್ಲಿ ಅದು ಮೇಲಕ್ಕೆ 10, ಕೆಳಕ್ಕೆ 10 ಹೋಗಬಲ್ಲದೆನ್ನೋಣ. ಮೊದಲನೆಯ ಬಗೆಯಲ್ಲಿ ವಾಹನವನ್ನು 5 ಸೆಂಟಿಮೀಟರ್ ಎತ್ತಿದರೆ ಮೇಲಕ್ಕೆ 15 ಉಳಿಯುತ್ತದೆ, ಕೆಳಕ್ಕೆ 5 ಮಾತ್ರ. ಗಾಲಿಯು ಗುಂಡಿಗೆ ಇಳಿದಾಗ ಷಾಕ್ ಅಬ್ಸಾರ್ಬರು ಬೇಗನೆ ತನ್ನ ಪೂರ್ಣ ಉದ್ದಕ್ಕೆ ಚಾಚಿಕೊಂಡು ಠಕ್ಕೆಂದು ನಿಲ್ಲುತ್ತದೆ; ಗಾಲಿ ಗಾಳಿಯಲ್ಲಿ ತೂಗುತ್ತದೆ. ಎರಡನೆಯ ಬಗೆಯಲ್ಲಿ ಮೇಲಕ್ಕೂ ಕೆಳಕ್ಕೂ ಹತ್ತುಹತ್ತೇ ಉಳಿಯುತ್ತದೆ. ಆದರೆ ಗಾಲಿಯು ಪೂರ್ತಿ ಜೋತುಬಿದ್ದಾಗ ಮೊದಲಿಗಿಂತ 5 ಸೆಂಟಿಮೀಟರ್ ಹೆಚ್ಚು ಕೆಳಗಿರುತ್ತದೆ. ತೋಳುಗಳ ಗುಂಡುಕೀಲುಗಳನ್ನೂ ಗಾಲಿಯನ್ನು ತಿರುಗಿಸುವ ಷಾಫ್ಟನ್ನೂ ತಯಾರಕರು ಆ ಸ್ಥಾನಕ್ಕಾಗಿ ರೂಪಿಸಿರಲಿಲ್ಲ. ಮೂರನೆಯ ಬಗೆಯಲ್ಲಿ ಚಲನೆಯ ಉದ್ದವನ್ನೂ ಸ್ಪ್ರಿಂಗಿನ ಬಿಗಿತವನ್ನೂ ನಮಗೆ ಬೇಕಾದಂತೆ ಆರಿಸಬಹುದು. ಬೆಲೆ ಹೆಚ್ಚು, ಆದರೂ ಕೀಲುಗಳ ಮಿತಿಯನ್ನು ಮೀರದಿದ್ದರೆ ಇದೇ ಲೇಸು.

ಹಿಂಭಾಗದ ಪಟ್ಟಿಗಳು

ಹಿಂಭಾಗವನ್ನು ಎತ್ತಲು ಅತಿ ಅಗ್ಗದ ಉಪಾಯ ಅಚ್ಚಿಗೂ ಪಟ್ಟಿ ಸ್ಪ್ರಿಂಗಿಗೂ ನಡುವೆ ಲೋಹದ ದಿಮ್ಮಿಯನ್ನು ಸೇರಿಸುವುದು. ಸ್ಪ್ರಿಂಗಿನ ಬಿಗಿತ ಬದಲಾಗದುದರಿಂದ ಪ್ರಯಾಣವೂ ಮೊದಲಿನಂತೆಯೇ ಇರುತ್ತದೆ. ಆದರೆ ಬ್ರೇಕನ್ನು ಒತ್ತಿದಾಗ ನೆಲವು ಟೈರನ್ನು ಹಿಂದಕ್ಕೆ ನೂಕುತ್ತದೆ. ಆ ಬಲವು ಅಚ್ಚನ್ನು ತಿರುಚಲು ನೋಡುತ್ತದೆ. ಈ ತಿರುಚುವಿಕೆಯನ್ನು ತಡೆಯುವುದು ಪಟ್ಟಿ ಸ್ಪ್ರಿಂಗೇ. ನೆಲದಿಂದ ಸ್ಪ್ರಿಂಗಿಗೆ 45 ಸೆಂಟಿಮೀಟರ್ ಎತ್ತರವಿದ್ದಲ್ಲಿ 10 ಸೆಂಟಿಮೀಟರಿನ ದಿಮ್ಮಿಯನ್ನಿಟ್ಟರೆ ಆ ಬಲದ ತೋಳು 55 ಸೆಂಟಿಮೀಟರಾಗುತ್ತದೆ. ತಿರುಚುವ ಪರಿಣಾಮ ಐದನೆಯ ಒಂದು ಭಾಗಕ್ಕಿಂತ ಹೆಚ್ಚಾಗುತ್ತದೆ. ಇದರಿಂದ ಪಟ್ಟಿಗಳು ಹಾವಿನಂತೆ ಎರಡು ಕಡೆ ಬಾಗುತ್ತವೆ, ಗಾಲಿ ಕುಪ್ಪಳಿಸುತ್ತದೆ, ಕಾಲಕ್ರಮದಲ್ಲಿ ಪಟ್ಟಿ ಮುರಿಯುತ್ತದೆ.

ಆದುದರಿಂದ ದಿಮ್ಮಿಯು ಚಿಕ್ಕದಾಗಿರಬೇಕು, ಒಂದೇ ತುಂಡಾಗಿರಬೇಕು. ಒಂದರ ಮೇಲೊಂದು ದಿಮ್ಮಿಯನ್ನು ಪೇರಿಸುವುದು ಅಪಾಯಕರ. ಮುಂಭಾಗದಲ್ಲಿಯೂ ಗಟ್ಟಿ ಅಚ್ಚಿರುವ ವಾಹನವಾದರೆ, ತಿರುಗುವ ಆ ಗಾಲಿಗಳ ಅಚ್ಚಿಗೆ ದಿಮ್ಮಿಯನ್ನು ಎಂದಿಗೂ ಇಡಕೂಡದು. ಅಚ್ಚನ್ನು ಬಿಗಿದು ಹಿಡಿಯುವ ಯೂ-ಬೋಲ್ಟುಗಳನ್ನು ಒಮ್ಮೆ ಬಿಚ್ಚಿದ ಮೇಲೆ ಹಳೆಯವನ್ನೇ ಹಾಕದೆ, ತಕ್ಕ ಉದ್ದದ ಹೊಸವನ್ನು ಹಾಕಬೇಕು. ಒಮ್ಮೆ ಬಿಗಿದಾಗ ಹಿಗ್ಗಿದ ಬೋಲ್ಟು ಮತ್ತೆ ಅದೇ ಹಿಡಿತವನ್ನು ಕೊಡುವುದೆಂಬ ಭರವಸೆಯಿಲ್ಲ. ಹೊರೆಯ ಅಗತ್ಯವಿರುವವರು ಒಂದು ಪಟ್ಟಿಯನ್ನು ಹೆಚ್ಚಾಗಿ ಕೂಡಿಸಬಹುದು. ಹಳೆಯ ಪಟ್ಟಿಗಳು ಬಳಲಿ ಚಪ್ಪಟೆಯಾಗಿದ್ದರೆ ಇಡೀ ಸ್ಪ್ರಿಂಗನ್ನೇ ಬದಲಿಸುವುದು ಉತ್ತಮ.

ಆಂದೋಲನವನ್ನು ಅಡಗಿಸುವ ಸಾಧನ

ಸ್ಪ್ರಿಂಗು ಏಟನ್ನು ನುಂಗುತ್ತದೆ, ನಿಜ; ಆದರೆ ನುಂಗಿದ ಶಕ್ತಿಯನ್ನು ಹಿಂದಕ್ಕೆ ಕೊಡುತ್ತದೆ. ಸ್ಪ್ರಿಂಗೊಂದೇ ಇದ್ದರೆ ವಾಹನವು ಒಂದು ಗುಂಡಿಯನ್ನು ದಾಟಿದ ಮೇಲೆ ಬಹಳ ದೂರ ಉಯ್ಯಾಲೆಯಂತೆ ತೂಗುತ್ತಲೇ ಹೋಗಬೇಕಾಗುತ್ತದೆ. ಈ ಶಕ್ತಿಯನ್ನು ಶಾಖವಾಗಿ ಮಾರ್ಪಡಿಸಿ ಹೊರಹಾಕುವುದು ಷಾಕ್ ಅಬ್ಸಾರ್ಬರಿನ ಕೆಲಸ. ಅದರೊಳಗೆ ಎಣ್ಣೆ ತುಂಬಿದೆ. ಸಣ್ಣ ರಂಧ್ರಗಳುಳ್ಳ ಪಿಸ್ಟನ್ನು ಆ ಎಣ್ಣೆಯಲ್ಲಿ ಹೋಗಿಬರುತ್ತದೆ. ಎಣ್ಣೆಯು ರಂಧ್ರಗಳಲ್ಲಿ ನುಸುಳುವಾಗ ಆಗುವ ತಡೆಯೇ ಆಂದೋಲನವನ್ನು ಅಡಗಿಸುತ್ತದೆ.

ಎಷ್ಟು ತಡೆ ಬೇಕೆಂಬುದು ಸ್ಪ್ರಿಂಗಿನ ಬಿಗಿತವನ್ನೂ ಅದು ಹೊತ್ತಿರುವ ರಾಶಿಯನ್ನೂ ಅವಲಂಬಿಸಿದೆ. ಅವೆರಡರ ಗುಣಲಬ್ಧದ ವರ್ಗಮೂಲಕ್ಕೆ ಅದು ಅನುಪಾತದಲ್ಲಿರುತ್ತದೆ. ಬಿಗಿತವನ್ನು 1.3 ಪಟ್ಟು ಹೆಚ್ಚಿಸಿ ಷಾಕ್ ಅಬ್ಸಾರ್ಬರನ್ನು ಹಾಗೆಯೇ ಉಳಿಸಿದರೆ ಅಡಗಿಸುವ ಸಾಮರ್ಥ್ಯವು ನೂರಕ್ಕೆ ಸುಮಾರು 12ರಷ್ಟು ಕಡಿಮೆಯಾದಂತಾಗುತ್ತದೆ. ಎಂದರೆ ಸ್ಪ್ರಿಂಗನ್ನು ಬದಲಿಸಿದವನು ಷಾಕ್ ಅಬ್ಸಾರ್ಬರನ್ನೂ ಅದಕ್ಕೆ ಹೊಂದುವಂತೆ ಬದಲಿಸಬೇಕು. ಅದರ ಉದ್ದವೂ ಮುಖ್ಯ. ಗಾಲಿ ಪೂರ್ತಿ ಮೇಲೇರಿದಾಗ ಷಾಕ್ ಅಬ್ಸಾರ್ಬರು ತಳಮುಟ್ಟುವ ಮೊದಲೇ ಚೌಕಟ್ಟಿನ ರಬ್ಬರ್ ತಡೆಯು ಏಟನ್ನು ಹಿಡಿಯಬೇಕು. ಗಾಲಿ ಪೂರ್ತಿ ಜೋತುಬಿದ್ದಾಗ ಬ್ರೇಕಿನ ರಬ್ಬರ್ ಕೊಳವೆಯಾಗಲಿ, ಗಾಲಿಯ ವೇಗವನ್ನು ಅಳೆಯುವ ತಂತಿಯಾಗಲಿ ಬಿಗಿಯಾಗಿ ಎಳೆಯಲ್ಪಡಬಾರದು. ಕೊಳವೆ ಹರಿದರೆ ಆ ಗಾಲಿಯ ಬ್ರೇಕು ಹೋಯಿತೆಂದೇ ಅರ್ಥ. ಕೆಲವೇ ರೂಪಾಯಿಯ ಈ ಕೊಳವೆಯನ್ನು ಮರೆತವರು ಸಾವಿರಗಟ್ಟಲೆ ಬೆಲೆಯ ಸ್ಪ್ರಿಂಗನ್ನು ಕೊಂಡು ಫಲವೇನು?

ಕೀಲುಗಳ ಕೋನ

ರಾಬರ್ಟ್ ಹುಕ್ಕನ ಹೆಸರು ಈ ವಾಹನದಲ್ಲಿ ಇನ್ನೊಂದೆಡೆಯೂ ಇದೆ. ಎಂಜಿನ್ನಿನ ಶಕ್ತಿಯನ್ನು ಹಿಂದಿನ ಅಚ್ಚಿಗೆ ಒಯ್ಯುವ ಪ್ರೊಪೆಲರ್ ಷಾಫ್ಟಿನ ತುದಿಗಳಲ್ಲಿ ಶಿಲುಬೆಯಾಕಾರದ ಕೀಲುಗಳಿವೆ. ಪಠ್ಯಪುಸ್ತಕಗಳಲ್ಲಿ ಇವನ್ನು ಹುಕ್ಕನ ಕೀಲು ಎನ್ನುತ್ತಾರೆ. ಕಾರ್ಖಾನೆಯಲ್ಲಿ ಯೂನಿವರ್ಸಲ್ ಜಾಯಿಂಟು. ಎರಡು ಷಾಫ್ಟುಗಳು ಒಂದಕ್ಕೊಂದು ಓರೆಯಾಗಿದ್ದರೂ ಇದು ತಿರುಗುವಿಕೆಯನ್ನು ಸಾಗಿಸುತ್ತದೆ. ಆದರೆ ಒಂದು ಷಾಫ್ಟು ಸಮವೇಗದಿಂದ ತಿರುಗಿದರೂ ಇನ್ನೊಂದು ಪ್ರತಿ ಸುತ್ತಿನಲ್ಲಿಯೂ ಎರಡು ಸಲ ವೇಗಗೊಂಡು ಎರಡು ಸಲ ನಿಧಾನಗೊಳ್ಳುತ್ತದೆ. ಓರೆ 10 ಡಿಗ್ರಿಯಿದ್ದಾಗ ಈ ಏರಿಳಿತ ನೂರಕ್ಕೆ ಒಂದೂವರೆಯಷ್ಟು. 20 ಡಿಗ್ರಿಯಾದರೆ ನೂರಕ್ಕೆ ಸುಮಾರು ಆರರಷ್ಟು. ಕೋನ ಎರಡು ಪಟ್ಟಾದರೆ ಕೇಡು ನಾಲ್ಕು ಪಟ್ಟಾಯಿತು!

ಎರಡು ತುದಿಯ ಕೀಲುಗಳ ಕೋನಗಳೂ ಸಮವಾಗಿದ್ದರೆ ಒಂದರ ಏರಿಳಿತವನ್ನು ಇನ್ನೊಂದು ಅಳಿಸಿಹಾಕುತ್ತದೆ. ವಾಹನವನ್ನು ಎತ್ತಿದಾಗ ಕೆಡುವುದು ಈ ಸಮತೆಯೇ. ಅದನ್ನು ಸರಿಪಡಿಸಲು ಅಚ್ಚಿಗೂ ಸ್ಪ್ರಿಂಗಿಗೂ ನಡುವೆ ತೆಳುವಾದ ಲೋಹದ ಬೆಣೆಯನ್ನು ಇಟ್ಟು ಅಚ್ಚಿನ ಮುಖವನ್ನು ಸ್ವಲ್ಪ ಓರೆ ಮಾಡುತ್ತಾರೆ. ಎತ್ತಿದ ವಾಹನದಲ್ಲಿ ಹೊಸದಾಗಿ ನಡುಕ ಕಾಣಿಸಿಕೊಂಡರೆ ಮೊದಲು ಪರೀಕ್ಷಿಸಬೇಕಾದುದು ಈ ಕೋನಗಳನ್ನು.

ನಾಲ್ಕು ಗಾಲಿಗೂ ಶಕ್ತಿ ಹೋಗುವ ವಾಹನವಾದರೆ ಮುಂದಿನ ಗಾಲಿಗಳ ಚಿಕ್ಕ ಷಾಫ್ಟುಗಳನ್ನೂ ಯೋಚಿಸಬೇಕು. ಅಲ್ಲಿರುವುವು ಸಮವೇಗದ ಕೀಲುಗಳು. ವೇಗದ ಏರಿಳಿತ ಅಲ್ಲಿಲ್ಲ. ಆದರೆ ಕೋನ ಹೆಚ್ಚಿದಂತೆ ಅವುಗಳೊಳಗಿನ ಗುಂಡುಗಳು ಹೆಚ್ಚು ಉಜ್ಜಿ ಬಿಸಿಯಾಗುತ್ತವೆ. ಮೇಲಿನ ರಬ್ಬರ್ ಚೀಲ ಹರಿದು ಧೂಳು ಒಳಸೇರುತ್ತದೆ. 40 ಸೆಂಟಿಮೀಟರ್ ಉದ್ದದ ಷಾಫ್ಟಿನ ಹೊರತುದಿ 5 ಸೆಂಟಿಮೀಟರ್ ತಗ್ಗಿದರೆ ಓರೆ ಸುಮಾರು 7 ಡಿಗ್ರಿ. 10 ಸೆಂಟಿಮೀಟರ್ ತಗ್ಗಿದರೆ 14 ಡಿಗ್ರಿ. ಗಾಲಿಯು ಗುಂಡಿಗಿಳಿದಾಗ ಇದು ಇನ್ನೂ ಬೆಳೆಯುತ್ತದೆ. 4 ಅಂಗುಲಕ್ಕಿಂತ ಹೆಚ್ಚು ಎತ್ತುವ ಕಟ್ಟುಗಳಲ್ಲಿ ಸಾಮಾನ್ಯವಾಗಿ ಮುಂದಿನ ಡಿಫರೆನ್ಷಿಯಲನ್ನೇ ಕೆಳಕ್ಕಿಳಿಸುವ ಭಾಗಗಳಿರುವುದು ಈ ಕಾರಣದಿಂದಲೇ.

ಗಾಲಿ ನಿಂತಿರುವ ಓರೆಯೂ ಬದಲಾಗುತ್ತದೆ. ಬೈಸಿಕಲ್ಲಿನ ಮುಂದಿನ ಕವಲು ಹಿಂದಕ್ಕೆ ವಾಲಿರುವುದನ್ನು ಎಲ್ಲರೂ ಕಂಡಿದ್ದೇವೆ. ಆ ಓರೆಯಿಂದಲೇ ಗಾಲಿಯು ತಾನಾಗಿ ನೇರಕ್ಕೆ ಬರುವ ಗುಣವನ್ನು ಪಡೆಯುತ್ತದೆ. ಪಿಕಪ್ ವಾಹನದ ಮುಂಗಾಲಿಗೂ ಅಂಥದೇ ಓರೆಯುಂಟು. ಅದನ್ನು ಕ್ಯಾಸ್ಟರ್ ಕೋನವೆನ್ನುತ್ತಾರೆ. ಮುಂಭಾಗವನ್ನು ಎತ್ತಿದಾಗ ಅದು ಸಾಮಾನ್ಯವಾಗಿ ಕುಗ್ಗುತ್ತದೆ. ವೇಗದಲ್ಲಿ ಹೋಗುವಾಗ ವಾಹನ ಅತ್ತಿತ್ತ ಅಲೆಯತೊಡಗುತ್ತದೆ. ಸ್ವಲ್ಪ ಎತ್ತರಕ್ಕೆ ವೀಲ್ ಅಲೈನ್‌ಮೆಂಟ್ ಮಾಡಿಸಿದರೆ ಸಾಕು. ಅದಕ್ಕೆ ಮೀರಿದರೆ ಮೇಲ್ತೋಳನ್ನೇ ಬೇರೆ ಅಳತೆಯದಕ್ಕೆ ಬದಲಿಸಬೇಕಾಗುತ್ತದೆ.

ಹುಲ್ಲಿನ ಗಾಡಿಯ ಪಾಠ

ಹುಲ್ಲನ್ನು ಎತ್ತರಕ್ಕೆ ಹೇರಿದ ಗಾಡಿಯನ್ನು ಹೊಡೆಯುವ ರೈತನು ಓರೆದಾರಿಯಲ್ಲಿ ಎಷ್ಟು ಎಚ್ಚರದಿಂದಿರುತ್ತಾನೆಂಬುದನ್ನು ಹಳ್ಳಿಯ ವಿದ್ಯಾರ್ಥಿಗಳು ಬಲ್ಲರು. ಅದರ ಗುರುತ್ವ ಕೇಂದ್ರ ಮೇಲಕ್ಕೆ ಹೋಗಿದೆ. ಮೋಟಾರು ವಾಹನದ ಸ್ಥಿರತೆಯನ್ನೂ ಹೀಗೆಯೇ ಅಳೆಯುತ್ತಾರೆ: ಎಡಬಲ ಗಾಲಿಗಳ ನಡುವಣ ಅಂತರವನ್ನು ಗುರುತ್ವ ಕೇಂದ್ರದ ಎತ್ತರದ ಎರಡರಷ್ಟರಿಂದ ಭಾಗಿಸುವುದು. ಅಮೆರಿಕದ ರಾಷ್ಟ್ರೀಯ ಹೆದ್ದಾರಿ ಸಂಚಾರ ಸುರಕ್ಷಾ ಆಡಳಿತವು ವಾಹನಗಳು ಉರುಳುವ ಸಂಭವವನ್ನು ಜನರಿಗೆ ತಿಳಿಸಲು 2001ರ ಮಾದರಿಗಳಿಂದ ಮೊದಲುಗೊಂಡು ಈ ಅಂಕಿಯನ್ನು ಬಳಸಿತು. ಸಾಮಾನ್ಯ ಕಾರುಗಳಲ್ಲಿ ಇದು ಬಹುಮಟ್ಟಿಗೆ 1.3ರಿಂದ 1.5, ಪಿಕಪ್ಪಿನಂಥ ಎತ್ತರದ ವಾಹನಗಳಲ್ಲಿ 1.0ರಿಂದ 1.3.

ಗಾಲಿಗಳ ಅಂತರ 1.60 ಮೀಟರ್, ಗುರುತ್ವ ಕೇಂದ್ರ 0.70 ಮೀಟರ್ ಎತ್ತರದಲ್ಲಿರುವ ವಾಹನವನ್ನು ತೆಗೆದುಕೊಳ್ಳೋಣ. ಅಂಕಿ 1.14. ದೇಹವನ್ನು 8 ಸೆಂಟಿಮೀಟರ್ ಎತ್ತಿದರೆ, ಗಾಲಿ ಅಚ್ಚುಗಳು ಕೆಳಗೇ ಉಳಿಯುವುದರಿಂದ ಗುರುತ್ವ ಕೇಂದ್ರ ಸುಮಾರು 7 ಸೆಂಟಿಮೀಟರ್ ಏರುತ್ತದೆ, ಅಂಕಿ 1.04ಕ್ಕೆ ಇಳಿಯುತ್ತದೆ. ಮೇಲ್ಛಾವಣಿಯ ಮೇಲೆ ಸಾಮಾನು ಹೇರಿ ಗುರುತ್ವ ಕೇಂದ್ರ 0.85 ಮೀಟರಿಗೆ ಹೋದರೆ 0.94. 50 ಮೀಟರ್ ತ್ರಿಜ್ಯದ ತಿರುವಿನಲ್ಲಿ ವಾಹನ ಜಾರದೆ ಉರುಳತೊಡಗುವ ವೇಗವನ್ನು ಲೆಕ್ಕ ಹಾಕಿದರೆ ಕ್ರಮವಾಗಿ ಗಂಟೆಗೆ ಸುಮಾರು 85, 81 ಮತ್ತು 77 ಕಿಲೋಮೀಟರ್ ಬರುತ್ತದೆ. ಇದು ಸ್ಪ್ರಿಂಗೇ ಇಲ್ಲದ ಗಟ್ಟಿ ಪೆಟ್ಟಿಗೆಯ ಲೆಕ್ಕ. ನಿಜವಾದ ವಾಹನವು ತಿರುವಿನಲ್ಲಿ ಹೊರಕ್ಕೆ ವಾಲುವುದರಿಂದ ಅದರ ಮಿತಿ ಇನ್ನೂ ಕೆಳಗಿದೆ. ಸಮತಟ್ಟಾದ ರಸ್ತೆಯಲ್ಲಿ ಟೈರು ಅನೇಕ ವೇಳೆ ಮೊದಲು ಜಾರುತ್ತದೆ. ಜಾರುವ ಗಾಲಿ ರಸ್ತೆಯಂಚಿನ ಮಣ್ಣಿಗೋ ಕಲ್ಲಿಗೋ ಎಡವಿದಾಗ ವಾಹನ ಉರುಳುತ್ತದೆ. ಅಂಥ ಗಳಿಗೆಯಲ್ಲಿ ಈ ದಶಮಾಂಶಗಳೇ ಉಳಿವು ಅಳಿವನ್ನು ನಿರ್ಣಯಿಸುತ್ತವೆ.

ಅಪಾಯವು ಒಳಗಿರುವವರಿಗೆ ಮಾತ್ರವಲ್ಲ. ಮುಂದಿನ ಗಾಲಿಗೂ ಹಿಂದಿನ ಗಾಲಿಗೂ 3.2 ಮೀಟರ್ ಅಂತರವಿರುವ ವಾಹನದ ಮುಂಭಾಗವನ್ನು ಮಾತ್ರ 5.6 ಸೆಂಟಿಮೀಟರ್ ಎತ್ತಿದರೆ ಅದು 1 ಡಿಗ್ರಿ ಮೇಲ್ಮುಖವಾಗುತ್ತದೆ. 50 ಮೀಟರ್ ದೂರದಲ್ಲಿ ದೀಪದ ಬೆಳಕು 87 ಸೆಂಟಿಮೀಟರ್ ಮೇಲಕ್ಕೆ, ಎದುರಿನಿಂದ ಬರುವವರ ಕಣ್ಣಿಗೇ ಹೊಡೆಯುತ್ತದೆ. ಆದುದರಿಂದ ಕೆಲಸ ಮುಗಿದೊಡನೆ ದೀಪಗಳ ದಿಕ್ಕನ್ನು ಸರಿಪಡಿಸತಕ್ಕದ್ದು. ಅತಿ ಎತ್ತರದ ಬಂಪರು ಚಿಕ್ಕ ಕಾರಿನ ಬಂಪರಿಗೆ ತಗಲದೆ ಅದರ ಕಿಟಕಿಯ ಮಟ್ಟಕ್ಕೆ ನುಗ್ಗಬಹುದು. ಅಮೆರಿಕದ ಅನೇಕ ರಾಜ್ಯಗಳು ಬಂಪರಿನ ಅಥವಾ ಚೌಕಟ್ಟಿನ ಎತ್ತರಕ್ಕೆ ಮಿತಿಯನ್ನು ವಿಧಿಸಿರುವುದಕ್ಕೆ ಇಂಥ ಕಾರಣಗಳಿವೆ. ನಮ್ಮ ದೇಶದಲ್ಲಿಯೂ 2022ರಲ್ಲಿ ಟೊಯೋಟಾ ಹೈಲಕ್ಸ್ ಬಂದ ಮೇಲೆ ಪಿಕಪ್ ವಾಹನಗಳ ವಿಷಯ ತರುಣರ ಮಾತುಕತೆಯಲ್ಲಿ ಕೇಳಿಬರುತ್ತಿದೆ. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣದಂತೆ, ನೋಂದಣಿ ಪತ್ರದ ವಿವರಗಳು ತಯಾರಕರು ಗೊತ್ತುಮಾಡಿದ ವಿವರಗಳಿಗಿಂತ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸಕೂಡದು; 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿಯಿತು. ಆದುದರಿಂದ ಇಲ್ಲಿ ಭಾಗಗಳನ್ನು ಕೊಳ್ಳುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಅವಶ್ಯ.

ಟೈರು ಮತ್ತು ಬ್ರೇಕು

31 ಅಂಗುಲದ ಬದಲು 33 ಅಂಗುಲದ ಟೈರನ್ನು ಹಾಕಿದರೆ ಗಾಲಿಯ ಒಂದು ಸುತ್ತಿಗೆ ವಾಹನ ನೂರಕ್ಕೆ ಆರೂವರೆಯಷ್ಟು ಹೆಚ್ಚು ದೂರ ಹೋಗುತ್ತದೆ. ಮೊದಲು ಸರಿಯಾಗಿ ತೋರಿಸುತ್ತಿದ್ದ ವೇಗಮಾಪಕವು ಈಗ 100 ಎಂದು ತೋರಿಸಿದಾಗ ನಿಜವಾದ ವೇಗ 106. ಬ್ರೇಕು ಅದೇ ತಿರುಚುಬಲವನ್ನು ಕೊಟ್ಟರೂ ತ್ರಿಜ್ಯ ಹೆಚ್ಚಿದುದರಿಂದ ನೆಲದ ಮೇಲೆ ತಡೆಯುವ ಬಲ ಅಷ್ಟರಮಟ್ಟಿಗೆ ಕಡಿಮೆ. ಎಂದರೆ ವಾಹನ ನಾವು ತಿಳಿದಿರುವುದಕ್ಕಿಂತ ವೇಗವಾಗಿ ಓಡುತ್ತದೆ, ಅದೇ ಒತ್ತಡಕ್ಕೆ ಮೊದಲಿನಷ್ಟು ಬೇಗ ನಿಲ್ಲುವುದಿಲ್ಲ. ವೇಗಮಾಪಕವನ್ನು ಹೊಸ ಟೈರಿಗೆ ಹೊಂದಿಸುವುದೂ ಬ್ರೇಕನ್ನು ಪರೀಕ್ಷಿಸುವುದೂ ಟೈರಿನ ಬೆಲೆಯಲ್ಲಿಯೇ ಸೇರಿದ ಖರ್ಚೆಂದು ಎಣಿಸಬೇಕು.

ಆಯ್ಕೆಯ ಕ್ರಮ

ಇದುವರೆಗೆ ವಿಚಾರ ಮಾಡಿದ್ದನ್ನು ಕ್ರಮವಾಗಿ ಜೋಡಿಸೋಣ. ಮೊದಲು ವಾಹನವನ್ನು ತೂಗಿಸಿ, ನಿತ್ಯದ ಹೊರೆಯನ್ನು ಲೆಕ್ಕ ಹಾಕಿ ಸ್ಪ್ರಿಂಗಿನ ಬಿಗಿತವನ್ನು ಗೊತ್ತುಮಾಡಬೇಕು. ಎರಡನೆಯದಾಗಿ, ಯಾವ ಟೈರು ಬೇಕು, ಅದಕ್ಕೆ ಎಷ್ಟು ಜಾಗ ಬೇಕೆಂಬುದನ್ನು ಅಳೆಯಬೇಕು. ಮೂರನೆಯದಾಗಿ, ಗಾಲಿಯ ಚಲನೆಯ ಎರಡು ತುದಿಗಳಲ್ಲಿಯೂ ಕೀಲು, ಷಾಫ್ಟು, ಕೊಳವೆಗಳ ಮಿತಿಯನ್ನು ನೋಡಬೇಕು. ಈ ಮೂರಕ್ಕೂ ಒಪ್ಪುವ ಅತಿ ಕಡಿಮೆ ಎತ್ತರವೇ ಸರಿಯಾದ ಎತ್ತರ. ಅನಂತರ ಸ್ಪ್ರಿಂಗು ಮತ್ತು ಷಾಕ್ ಅಬ್ಸಾರ್ಬರುಗಳನ್ನು ಒಂದಕ್ಕೊಂದು ಹೊಂದುವ ಜೋಡಿಯಾಗಿಯೇ ಕೊಳ್ಳಬೇಕು. ಕಡೆಯದಾಗಿ ಅಲೈನ್‌ಮೆಂಟ್, ದೀಪ, ಬ್ರೇಕುಗಳ ಪರೀಕ್ಷೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಬೋಲ್ಟುಗಳ ಬಿಗಿಯನ್ನು ಮತ್ತೊಮ್ಮೆ ನೋಡುವುದು. ಒತ್ತಿದ ಸುರುಳಿ ಸ್ಪ್ರಿಂಗಿನಲ್ಲಿ ಪ್ರಾಣಾಪಾಯವನ್ನುಂಟುಮಾಡುವಷ್ಟು ಶಕ್ತಿ ಅಡಗಿರುವುದರಿಂದ ಅದನ್ನು ಬಿಚ್ಚುವ ಕೆಲಸವನ್ನು ತಕ್ಕ ಉಪಕರಣವುಳ್ಳ ಕುಶಲಿಗಳಿಗೇ ಬಿಡಬೇಕು.

ಯಂತ್ರವೊಂದರ ಯಾವ ಭಾಗವೂ ಒಂಟಿಯಾಗಿ ಬಾಳುವುದಿಲ್ಲ. ಒಂದನ್ನು ಮುಟ್ಟುವ ಮೊದಲು ಅದಕ್ಕೆ ನಂಟಾದ ಉಳಿದವನ್ನೆಲ್ಲ ವಿಚಾರಿಸುವುದೇ ಎಂಜಿನಿಯರನ ಶಿಸ್ತು. ಎತ್ತರದ ವಾಹನವನ್ನು ಕಂಡಾಗ ಅದು ಎಷ್ಟು ಅಂಗುಲ ಏರಿದೆಯೆಂದು ಕೇಳುವುದಕ್ಕಿಂತ, ಅದರೊಂದಿಗೆ ಏನೇನನ್ನು ಬದಲಿಸಿದ್ದಾರೆಂದು ಕೇಳುವುದು ಹೆಚ್ಚು ಉಪಯುಕ್ತ.

ಅಭ್ಯಾಸಕ್ಕೆ

1. ಕೆಳತೋಳಿನ ಕೀಲಿನಿಂದ ಗಾಲಿಯ ಕಡೆಯ ತುದಿಗೆ 42 ಸೆಂಟಿಮೀಟರ್, ಸ್ಪ್ರಿಂಗಿಗೆ 21 ಸೆಂಟಿಮೀಟರ್ ಇದೆ. ಗಾಲಿಯಲ್ಲಿ 6 ಸೆಂಟಿಮೀಟರ್ ಎತ್ತರ ಪಡೆಯಲು ಎಷ್ಟು ದಪ್ಪದ ಬಿಲ್ಲೆ ಬೇಕು? (ಉತ್ತರ: 3 ಸೆಂಟಿಮೀಟರ್)

2. ವಾಹನದ ಭಾರದಿಂದ 16 ಸೆಂಟಿಮೀಟರ್ ತಗ್ಗಿರುವ ಸ್ಪ್ರಿಂಗಿನ ಮೇಲೆ ಸೆಕೆಂಡಿಗೆ ಎಷ್ಟು ಆಂದೋಲನಗಳಾಗುತ್ತವೆ? (ಉತ್ತರ: 1.25)

3. ಗಾಲಿಗಳ ಅಂತರ 1.5 ಮೀಟರ್, ಗುರುತ್ವ ಕೇಂದ್ರದ ಎತ್ತರ 0.75 ಮೀಟರ್. ಗುರುತ್ವ ಕೇಂದ್ರ 6 ಸೆಂಟಿಮೀಟರ್ ಏರಿದರೆ ಸ್ಥಿರತೆಯ ಅಂಕಿ ಎಷ್ಟರಿಂದ ಎಷ್ಟಕ್ಕೆ ಇಳಿಯುತ್ತದೆ? (ಉತ್ತರ: 1.00ರಿಂದ 0.93ಕ್ಕೆ)

4. ಒಂದು ಒರಟಾದ ಹಲಗೆಯ ಮೇಲೆ ಬೆಂಕಿಪೆಟ್ಟಿಗೆಯನ್ನು ಮೊದಲು ಮಲಗಿಸಿ, ಆಮೇಲೆ ಪಕ್ಕದ ಮೇಲೆ, ಕಡೆಗೆ ನೆಟ್ಟಗೆ ನಿಲ್ಲಿಸಿ, ಹಲಗೆಯನ್ನು ನಿಧಾನವಾಗಿ ಓರೆ ಮಾಡಿರಿ. ಯಾವಾಗ ಜಾರುತ್ತದೆ, ಯಾವಾಗ ಉರುಳುತ್ತದೆ ಎಂಬುದನ್ನು ಬರೆದಿಟ್ಟುಕೊಂಡು, ತಳದ ಅಗಲಕ್ಕೂ ಎತ್ತರಕ್ಕೂ ಇರುವ ಅನುಪಾತದೊಡನೆ ಹೋಲಿಸಿ ನೋಡಿರಿ.